ಮೈಸೂರು ಮೃಗಾಲಯದ ಪ್ರಾಣಿಗಳ ಕನ್ನಡ ಪಟ್ಟಿ: ಎರಡು ಸಲ ಎಣಿಸಿದೆ, ಎರಡು ಸಲವೂ ಬೇರೆ ಲೆಕ್ಕ ಬಂತು

ನಜರಬಾದ್_ತಾತ
ಶನಿವಾರ, ರಾತ್ರಿ 8.15

ಎಲ್ಲರಿಗೂ ನಮಸ್ಕಾರ. ನಿವೃತ್ತನಾದ ಮೇಲೆ ಕೈಗೆತ್ತಿಕೊಂಡ ಕೆಲಸವೊಂದು ನನ್ನನ್ನು ಬಿಡದೆ ಕಾಡುತ್ತಿದೆ. ನಮ್ಮ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿರುವ ಪ್ರಾಣಿ, ಪಕ್ಷಿ, ಸರೀಸೃಪಗಳಿಗೆಲ್ಲ ಕನ್ನಡದಲ್ಲಿ ಒಂದು ಪಟ್ಟಿ ಮಾಡಬೇಕು. ಇದಕ್ಕೆ ಕಾರಣ ನನ್ನ ಎಂಟು ವರ್ಷದ ಮೊಮ್ಮಗಳು. ದಸರಾ ರಜೆಯಲ್ಲಿ ಅವಳನ್ನು ಕರೆದುಕೊಂಡು ಹೋದಾಗ ಒಂದೊಂದು ಆವರಣದ ಮುಂದೆಯೂ ನಿಂತು, ‘ತಾತ, ಇದಕ್ಕೆ ಕನ್ನಡದಲ್ಲಿ ಏನಂತಾರೆ?’ ಎಂದು ಕೇಳುತ್ತಾ ಹೋದಳು. ಅರ್ಧದಷ್ಟಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೃಗಾಲಯದಿಂದ ಕೂಗಳತೆಯ ದೂರದಲ್ಲಿ ಹುಟ್ಟಿ, ಸಿಂಹದ ಗರ್ಜನೆ ಕೇಳುತ್ತಾ ಮಲಗುತ್ತಿದ್ದವನಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ.

ಆಮೇಲೆ ನೋಟ್‌ಬುಕ್ ಹಿಡಿದು ಎರಡು ಸಲ ಒಬ್ಬನೇ ಸುತ್ತಿದೆ. ಕಂಡ ಫಲಕಗಳನ್ನೆಲ್ಲ ಬರೆದುಕೊಂಡೆ. ಎರಡನೆಯ ಸಲ ಏಳು ಕಡಿಮೆ ಬಂತು! ಒಂದು ಆವರಣ ದುರಸ್ತಿಯಲ್ಲಿತ್ತು. ಒಂದರಲ್ಲಿ ಫಲಕವಿದೆ, ಪ್ರಾಣಿ ಇಲ್ಲ. ಹಕ್ಕಿಗಳ ಒಂದು ಗೂಡಿನಲ್ಲಿ ಮೂರು ಹೆಸರು ಬರೆದಿದ್ದರು, ನನಗೆ ಕಂಡದ್ದು ಎರಡು ಜಾತಿ. ಜೊತೆಗೆ ಫಲಕದಲ್ಲಿ ಇಲ್ಲದ ಇನ್ನೊಂದು ಜಾತಿ ಕಾಳು ತಿನ್ನುತ್ತಿತ್ತು. ಪುಸ್ತಿಕೆಗಳಲ್ಲಿ, ಪತ್ರಿಕೆಗಳಲ್ಲಿ ನೋಡಿದರೆ ಒಂದೊಂದು ಕಡೆ ಒಂದೊಂದು ಸಂಖ್ಯೆ. ಯಾವುದನ್ನು ನಂಬುವುದು? ಬಿಳಿ ಹುಲಿಯನ್ನು ಹುಲಿಯ ಜೊತೆ ಸೇರಿಸಬೇಕೋ, ಬೇರೆ ಬರೆಯಬೇಕೋ? ತಿಳಿದವರು ದಾರಿ ತೋರಿಸಬೇಕು.

ಕಡತದ_ಇಲಿ
ಶನಿವಾರ, ರಾತ್ರಿ 9.40

ತಾತ, ನಿಮ್ಮ ಲೆಕ್ಕ ತಪ್ಪಿಲ್ಲ. ಲೆಕ್ಕ ಹಾಕಿದ ಜಾಗ ತಪ್ಪು. ನಾನು ಕೆಲವು ವರ್ಷ ಒಂದು ಮೃಗಾಲಯದ ಕಚೇರಿಯಲ್ಲಿ ದಾಖಲೆ ಬರೆದವನು; ಯಾವುದು ಎಂದು ಕೇಳಬೇಡಿ. ಫಲಕ ಇರುವುದು ನೋಡುಗರಿಗಾಗಿ. ನಿಜವಾದ ಪಟ್ಟಿ ಇರುವುದು ದಾಸ್ತಾನು ಪುಸ್ತಕದಲ್ಲಿ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂತು. ಅದರ ಮಾನ್ಯತೆ ಇರುವ ಪ್ರತಿಯೊಂದು ಮೃಗಾಲಯವೂ ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಒಪ್ಪಿಸಬೇಕು. ಅದರ ನಮೂನೆ ಬ್ಯಾಂಕಿನ ಖಾತೆ ಪುಸ್ತಕದಂತೆಯೇ ಇರುತ್ತದೆ. ಆರಂಭದ ಶಿಲ್ಕು, ಅದಕ್ಕೆ ಹುಟ್ಟಿದ್ದು ಮತ್ತು ಹೊರಗಿನಿಂದ ಬಂದದ್ದನ್ನು ಕೂಡಿಸಿ, ಸತ್ತದ್ದು ಮತ್ತು ಬೇರೆಡೆಗೆ ಕಳುಹಿಸಿದ್ದನ್ನು ಕಳೆದರೆ ಅಖೈರು ಶಿಲ್ಕು. ಒಂದೊಂದು ಪ್ರಭೇದಕ್ಕೆ ಒಂದೊಂದು ಸಾಲು. ಒಂದೊಂದು ಕಲಮಿನಲ್ಲೂ ಮೂರು ಅಂಕಿಗಳು: ಗಂಡು, ಹೆಣ್ಣು, ಗೊತ್ತಾಗದ್ದು. 2:5:3 ಎಂದು ಬರೆದಿದ್ದರೆ ಎರಡು ಗಂಡು, ಐದು ಹೆಣ್ಣು, ಮೂರರ ಲಿಂಗ ಇನ್ನೂ ತಿಳಿದಿಲ್ಲ ಎಂದರ್ಥ.

ಆ ಮೂರನೆಯ ಅಂಕಿಯೇ ಇಡೀ ಪುಸ್ತಕದ ಸ್ವಾರಸ್ಯ. ನವಿಲಿನಲ್ಲಿ ದೊಡ್ಡ ಗಂಡನ್ನು ಕುರುಡರೂ ಗುರುತಿಸಬಲ್ಲರು. ಮಕಾವ್ ಗಿಳಿಯಲ್ಲಿ ಗಂಡು ಹೆಣ್ಣು ಎರಡೂ ಒಂದೇ ರೂಪ. ಗರಿಯನ್ನೋ ರಕ್ತವನ್ನೋ ಪ್ರಯೋಗಾಲಯಕ್ಕೆ ಕಳುಹಿಸಿ ಡಿಎನ್‌ಎ ಪರೀಕ್ಷೆ ಮಾಡಿಸಬೇಕು. ನಮ್ಮ ಮೊಸಳೆಯದು ಇನ್ನೂ ವಿಚಿತ್ರ: ಮೊಟ್ಟೆ ಎಷ್ಟು ಬಿಸಿಯಲ್ಲಿ ಕಾವುಗೊಂಡಿತು ಎಂಬುದರ ಮೇಲೆ ಮರಿ ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗುತ್ತದೆ. ಹೊರಬಂದ ಮರಿಗಳ ಹಿಂಡನ್ನು ನೋಡಿ ಏನನ್ನೂ ಹೇಳಲಾಗುವುದಿಲ್ಲ. ಎಲ್ಲವೂ ಮೂರನೆಯ ಕಲಮಿಗೇ. ಚುಕ್ಕೆ ಜಿಂಕೆಯ ಹಿಂಡು ಇನ್ನೊಂದು ತಲೆನೋವು. ಹುಲಿ, ಸಿಂಹಗಳಿಗೆ ಚರ್ಮದ ಅಡಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಇರುತ್ತದೆ, ಯಂತ್ರ ಹಿಡಿದರೆ ಸಂಖ್ಯೆ ಬರುತ್ತದೆ. ಜಿಂಕೆಗಳನ್ನು ಬೆಳಿಗ್ಗೆ ಮೇವು ಹಾಕಿದಾಗ ತಲೆ ಎಣಿಸಬೇಕು. ನಾನು ಒಂದು ಎಣಿಸುತ್ತಿದ್ದೆ, ಪ್ರಾಣಿಪಾಲಕ ಇನ್ನೊಂದು ಎಣಿಸುತ್ತಿದ್ದ. ಸರಿಯಾಗಿರುತ್ತಿದ್ದದ್ದು ಯಾವಾಗಲೂ ಅವನದೇ.

ಹಾಗಾಗಿ ಪತ್ರಿಕೆಯಲ್ಲಿ ಬರುವ ಸಂಖ್ಯೆ ಯಾವ ತಾರೀಖಿನದು ಎಂದು ಮೊದಲು ನೋಡಿ. ತಾರೀಖು ಹಾಕದ ಸಂಖ್ಯೆ ನನ್ನ ದೃಷ್ಟಿಯಲ್ಲಿ ಸಂಖ್ಯೆಯೇ ಅಲ್ಲ.

ಕುಟುಂಬಸಮೇತ
ಭಾನುವಾರ, ಬೆಳಿಗ್ಗೆ 7.05

ನಡುವೆ ಬಂದಿದ್ದಕ್ಕೆ ಕ್ಷಮೆ ಇರಲಿ. ನಾವು ಮಂಗಳವಾರ ಹಾಸನದಿಂದ ಬರುತ್ತಿದ್ದೇವೆ. ಮೃಗಾಲಯ ನೋಡಲು ಎಷ್ಟು ಹೊತ್ತು ಬೇಕು?

ನಜರಬಾದ್_ತಾತ
ಭಾನುವಾರ, ಬೆಳಿಗ್ಗೆ 7.20

ಮಂಗಳವಾರ ರಜೆ! ಬುಧವಾರಕ್ಕೆ ಮುಂದೂಡಿ. ಮಕ್ಕಳಿದ್ದರೆ ಅರ್ಧ ದಿನ ಇಟ್ಟುಕೊಳ್ಳಿ.

ದ್ವಿನಾಮ
ಭಾನುವಾರ, ಬೆಳಿಗ್ಗೆ 10.30

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು ನಾನು. ಬಿಳಿ ಹುಲಿಯ ಪ್ರಶ್ನೆಗೆ ಉತ್ತರ ಸುಲಭ: ಅದು ಬೇರೆ ಪ್ರಭೇದವಲ್ಲ, ಉಪಪ್ರಭೇದವೂ ಅಲ್ಲ. ಒಂದು ವಂಶವಾಹಿಯ ಬದಲಾವಣೆಯಿಂದ ಬಣ್ಣ ಬೇರೆಯಾಗಿದೆ, ಅಷ್ಟೇ. 1951ರಲ್ಲಿ ಮಧ್ಯ ಭಾರತದ ರೇವಾ ಸೀಮೆಯಲ್ಲಿ ಹಿಡಿದ ಮೋಹನ್ ಎಂಬ ಗಂಡುಮರಿಯ ವಂಶವೇ ಇಂದು ಮೃಗಾಲಯಗಳಲ್ಲಿರುವ ಬಿಳಿ ಹುಲಿಗಳಲ್ಲಿ ಬಹುಪಾಲು. ಹತ್ತಿರದ ಸಂಬಂಧದಲ್ಲೇ ಕೂಡಿಸಿ ಕೂಡಿಸಿ ಬೆಳೆಸಿದ್ದರಿಂದ ಮೆಳ್ಳೆಗಣ್ಣು ಮುಂತಾದ ತೊಂದರೆಗಳೂ ಜೊತೆಗೆ ಬಂದವು. ಹಾಗೆಯೇ ಕರಿಚಿರತೆ ಎಂದರೆ ಕಪ್ಪಾಗಿ ಹುಟ್ಟಿದ ಚಿರತೆ. ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಮೈಮೇಲಿನ ಚುಕ್ಕೆಗಳು ಕಾಣುತ್ತವೆ. ಎರಡು ಆವರಣ, ಎರಡು ಫಲಕ, ಆದರೆ ಪ್ರಭೇದ ಒಂದೇ. ತಾತ, ನಿಮ್ಮ ಪಟ್ಟಿಯಿಂದ ಎರಡನ್ನು ಈಗಲೇ ಕಳೆಯಿರಿ.

ಕಷ್ಟ ಇರುವುದು ಜಿರಾಫೆಯಲ್ಲಿ. ನಾನು ಓದುವಾಗ ಜಿರಾಫೆ ಒಂದೇ ಪ್ರಭೇದ, ಹಲವು ಉಪಪ್ರಭೇದ. 2016ರಲ್ಲಿ ಡಿಎನ್‌ಎ ಅಧ್ಯಯನವೊಂದು ಅವು ನಾಲ್ಕು ಪ್ರಭೇದಗಳು ಎಂದಿತು. ವರ್ಷಗಳ ವಾದದ ನಂತರ 2025ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ಕೂಡ ನಾಲ್ಕು ಎಂದು ಒಪ್ಪಿತು. ತಲೆಮಾರುಗಳಿಂದ ಮೃಗಾಲಯದಿಂದ ಮೃಗಾಲಯಕ್ಕೆ ಹೋಗುತ್ತಾ ಹುಟ್ಟಿದ ಜಿರಾಫೆಯ ಮುತ್ತಜ್ಜ ಆಫ್ರಿಕಾದ ಯಾವ ಮೂಲೆಯವನು ಎಂಬ ದಾಖಲೆ ಇಲ್ಲದಿದ್ದರೆ ಅದನ್ನು ಆ ನಾಲ್ಕರಲ್ಲಿ ಎಲ್ಲಿ ಸೇರಿಸುತ್ತೀರಿ? ಶ್ರೀಲಂಕಾದಿಂದ ಮೈಸೂರಿಗೆ ಬಂದ ಹಸಿರು ಅನಕೊಂಡಗಳಿಗೂ ಇದೇ ಗತಿ. 2024ರಲ್ಲಿ ಅದನ್ನೂ ಉತ್ತರದ್ದು, ದಕ್ಷಿಣದ್ದು ಎಂದು ಎರಡು ಮಾಡಲು ಹೊರಟರು. ಜಗಳ ಇನ್ನೂ ಮುಗಿದಿಲ್ಲ. ಪ್ರಾಣಿ ಕದಲದೆ ಬಿದ್ದಿರುತ್ತದೆ, ಹೆಸರು ಬದಲಾಗುತ್ತಲೇ ಇರುತ್ತದೆ.

ಸಿಂಹದ ವಿಷಯದಲ್ಲಿ ಇದು ಬರೀ ಹೆಸರಿನ ಜಗಳವಾಗಿ ಉಳಿಯಲಿಲ್ಲ. ಗಿರ್‌ನ ಸಿಂಹವನ್ನೂ ಆಫ್ರಿಕಾದ ಸಿಂಹವನ್ನೂ ಸರ್ಕಸ್ಸಿನವರು ಬೆರೆಸಿದರು, ಕೆಲವು ಮೃಗಾಲಯಗಳಲ್ಲೂ ಬೆರೆತವು. ಮಿಶ್ರತಳಿ ಎಂದು ಗೊತ್ತಾದ ಮೇಲೆ ಅವುಗಳ ಸಂತಾನ ಮುಂದುವರಿಯದಂತೆ ತಡೆಯಬೇಕಾಯಿತು. ವಂಶಾವಳಿ ಪುಸ್ತಕ ಇಡುವುದು ಇದಕ್ಕಾಗಿಯೇ. ಯಾವ ಗಂಡಿಗೆ ಯಾವ ಹೆಣ್ಣು ಎಂಬುದನ್ನು ಆ ಪುಸ್ತಕ ನೋಡಿ ತೀರ್ಮಾನಿಸುತ್ತಾರೆ. ನಮ್ಮ ಮದುವೆಗಳಲ್ಲಿ ಗೋತ್ರ ಕೇಳುವ ಹಾಗೆಯೇ.

ದೇವರಾಜ_ಮೊಹಲ್ಲಾ
ಭಾನುವಾರ, ಮಧ್ಯಾಹ್ನ 12.10

ಮೇಡಂ, ನಿಮ್ಮ ವಿಜ್ಞಾನಕ್ಕೆ ನಮಸ್ಕಾರ. ಆದರೆ ತಾತನವರು ಪಟ್ಟಿ ಮಾಡುತ್ತಿರುವುದು ಎಂಟು ವರ್ಷದ ಹುಡುಗಿಗೆ. ಅವಳು ಬಿಳಿ ಹುಲಿಯ ಮುಂದೆ ಅರ್ಧ ಗಂಟೆ ನಿಂತಿರುತ್ತಾಳೆ. ಪಟ್ಟಿ ತೆರೆದರೆ ಬಿಳಿ ಹುಲಿ ಇಲ್ಲ! ಅಂಥ ಪಟ್ಟಿಯನ್ನು ಅವಳು ಇನ್ನೊಮ್ಮೆ ತೆರೆಯುತ್ತಾಳೆಯೇ?

ದ್ವಿನಾಮ
ಭಾನುವಾರ, ಮಧ್ಯಾಹ್ನ 12.45

ಇರಬಾರದು ಎಂದು ನಾನು ಹೇಳಲಿಲ್ಲ. ‘ಹುಲಿ’ ಎಂಬ ಸಾಲಿನ ಅಡಿಯಲ್ಲಿ ‘ಬಿಳಿ ಬಣ್ಣದ್ದೂ ಇದೆ’ ಎಂದು ಬರೆಯಲಿ. ಬೇರೆ ಪ್ರಾಣಿ ಎಂದು ಮಕ್ಕಳು ಕಲಿತುಬಿಟ್ಟರೆ ಅದನ್ನು ಅಳಿಸಲು ಆಮೇಲೆ ನಮ್ಮಂಥವರು ಮೂರು ವರ್ಷ ಹೆಣಗಬೇಕಾಗುತ್ತದೆ.

ಕಡತದ_ಇಲಿ
ಭಾನುವಾರ, ಮಧ್ಯಾಹ್ನ 1.30

ಕಚೇರಿಯ ಮಾತು ಕೇಳಿ: ದಾಸ್ತಾನು ಪಟ್ಟಿಗಳಲ್ಲಿ ಬಿಳಿ ಹುಲಿಯನ್ನು ಬೇರೆ ಸಾಲಿನಲ್ಲಿ ಬರೆಯುವುದನ್ನು ನಾನೇ ನೋಡಿದ್ದೇನೆ. ಪ್ರಭೇದ ಎಂದು ಅಲ್ಲ, ಲೆಕ್ಕ ಇಡಲು ಅನುಕೂಲ ಎಂದು. ಸಾಲುಗಳನ್ನು ಎಣಿಸಿ ‘ಇಷ್ಟು ಪ್ರಭೇದ’ ಎಂದು ಬರೆದುಬಿಡುವವರಿಂದಲೇ ಸಂಖ್ಯೆಗಳು ಹೆಚ್ಚುಕಡಿಮೆಯಾಗುವುದು.

ಮಲೆನಾಡ_ಮುಂಗುಸಿ
ಭಾನುವಾರ, ಸಂಜೆ 5.50

ಕನ್ನಡ ಹೆಸರುಗಳ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ. ಅಸಲಿ ಪೇಚು ಅಲ್ಲಿದೆ.

‘ಕಿರುಬ’ ಎಂದರೆ ನಿಮ್ಮ ಮೈಸೂರು, ಮಂಡ್ಯ ಕಡೆಯ ಹಳ್ಳಿಯವರಿಗೆ ಚಿರತೆ. ನಾಯಿಯನ್ನು ಕಿರುಬ ಹೊತ್ತುಕೊಂಡು ಹೋಯಿತು ಎಂದರೆ ಚಿರತೆ ಎಂದೇ ತಿಳಿಯಬೇಕು. ಪುಸ್ತಕದಲ್ಲಿ ಕಿರುಬ, ಕತ್ತೆಕಿರುಬ ಎಂದರೆ ಮೂಳೆ ಕಡಿಯುವ ಆ ಇನ್ನೊಂದು ಪ್ರಾಣಿ, ಹೈನಾ. ಪಟ್ಟಿಯಲ್ಲಿ ಬರೀ ಕಿರುಬ ಎಂದು ಬರೆದರೆ ಅರ್ಧ ಜಿಲ್ಲೆ ತಪ್ಪು ತಿಳಿಯುತ್ತದೆ.

ಎರಡನೆಯದು ಕಾಡುಕುರಿ ಮತ್ತು ಕೊಂಡುಕುರಿ. ನಮ್ಮ ಕಡೆ ಕಾಡುಕುರಿ ಎಂದರೆ ನಾಯಿಯಂತೆ ಬೊಗಳುವ ಸಣ್ಣ ಜಿಂಕೆ. ಕೊಂಡುಕುರಿ ಎಂದರೆ ನಾಲ್ಕು ಕೊಂಬಿನದು. ದಾವಣಗೆರೆ ಜಿಲ್ಲೆಯ ರಂಗಯ್ಯನದುರ್ಗದಲ್ಲಿ ಅದಕ್ಕೆಂದೇ ಅಭಯಾರಣ್ಯವಿದೆ. ಎರಡೂ ಕುರಿಯಲ್ಲ! ಒಂದು ಜಿಂಕೆಯ ಕುಟುಂಬ, ಪ್ರತಿ ವರ್ಷ ಕೊಂಬು ಉದುರಿಸುತ್ತದೆ. ಇನ್ನೊಂದು ಕೃಷ್ಣಮೃಗದಂತೆ ದನದ ಕುಟುಂಬ, ಕೊಂಬು ಉದುರಿಸುವುದಿಲ್ಲ. ಕೃಷ್ಣಮೃಗವನ್ನೂ ಜಿಂಕೆ ಎನ್ನುತ್ತೇವೆ, ಚುಕ್ಕೆಯದನ್ನೂ ಜಿಂಕೆ ಎನ್ನುತ್ತೇವೆ. ಕಾಟಿಯನ್ನು ಕಾಡೆಮ್ಮೆ, ಕಾಡುಕೋಣ ಎನ್ನುತ್ತೇವೆ; ಅದು ಎಮ್ಮೆಯೂ ಅಲ್ಲ, ಕೋಣವೂ ಅಲ್ಲ. ಹಸುವಿನ ಹತ್ತಿರದ ನೆಂಟ. ನನ್ನ ಮತ ಕಾಟಿಗೇ. ಎರಡಕ್ಷರ, ತಕರಾರಿಲ್ಲ.

ಮುಸುವ ಎಂದರೆ ಉದ್ದ ಬಾಲದ, ಕಪ್ಪು ಮುಖದ ಕೋತಿ. ಅದೂ ಹಿಂದೆ ಇಡೀ ದೇಶಕ್ಕೆ ಒಂದೇ ಪ್ರಭೇದವಾಗಿತ್ತು, ಈಗ ಅದನ್ನು ಹಲವು ಪ್ರಭೇದಗಳಾಗಿ ಒಡೆದಿದ್ದಾರೆ. ಸಿಂಗಳೀಕ ಮಾತ್ರ ಗಟ್ಟಿ. ಘಟ್ಟದ ಸಿಂಹಬಾಲದ ಕೋತಿ, ಅದು ಬಿಟ್ಟು ಬೇರೆ ಯಾವುದೂ ಅಲ್ಲ ಎಂದುಕೊಂಡಿದ್ದೆ. ನಮ್ಮ ಪಕ್ಕದ ಮನೆಯವರು ಟಿವಿಯಲ್ಲಿ ಬಬೂನ್ ಬಂದಾಗ ‘ಸಿಂಗಳೀಕ’ ಎಂದರು. ಸುಮ್ಮನಾದೆ.

ನಜರಬಾದ್_ತಾತ
ಭಾನುವಾರ, ರಾತ್ರಿ 8.40

ಇದೇ, ಇದೇ ಬೇಕಾಗಿತ್ತು! ಚೀತಾಗೆ ಏನು ಮಾಡಲಿ? 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಮೂರು ಚೀತಾಗಳು ಮೈಸೂರಿಗೆ ಬಂದಾಗ ನಮ್ಮ ಬೀದಿಯ ಅರ್ಧ ಜನ ‘ಚಿರತೆ ತರಲು ಅಷ್ಟು ದೂರ ಹೋಗಬೇಕೆ, ಚಾಮುಂಡಿ ಬೆಟ್ಟದಲ್ಲೇ ಇದೆಯಲ್ಲ’ ಎಂದು ಕೇಳಿದರು. ನನ್ನ ತಂದೆಯವರ ಬಾಯಲ್ಲಿ ‘ಸಿವಂಗಿ’ ಎಂಬ ಪದ ಕೇಳಿದ ನೆನಪು.

ಮಲೆನಾಡ_ಮುಂಗುಸಿ
ಭಾನುವಾರ, ರಾತ್ರಿ 9.15

ಸಿವಂಗಿ ಸೊಗಸಾದ ಪದ. ತಮಿಳಿನಲ್ಲೂ ಅದರ ಅಕ್ಕತಂಗಿ ಪದ ಚೀತಾಗೆ ಬಳಕೆಯಲ್ಲಿದೆ. ಆದರೆ ಕನ್ನಡದ ಹಳೆಯ ನಿಘಂಟುಗಳನ್ನು ಬಿಡಿಸಿದರೆ ಬೇಟೆಗೆ ಪಳಗಿಸುವ ಚಿರತೆ ಎಂಬ ಅರ್ಥದ ಪಕ್ಕದಲ್ಲೇ ಕತ್ತೆಕಿರುಬ ಎಂದೂ ಇದೆ. ಮತ್ತೆ ಕಿರುಬಕ್ಕೇ ಬಂದು ನಿಂತೆವು, ನೋಡಿ. ‘ಚೀತಾ’ ಎಂದು ಬರೆದು, ಪಕ್ಕದಲ್ಲಿ ಹಳೆಯ ಹೆಸರು ಸಿವಂಗಿ ಎಂದು ಸೇರಿಸಿ.

ಥೇಮ್ಸ್_ತೀರದ_ಕನ್ನಡತಿ
ಸೋಮವಾರ, ಬೆಳಗಿನ ಜಾವ 3.20

ನಮ್ಮಲ್ಲಿ ಇನ್ನೂ ಭಾನುವಾರ ರಾತ್ರಿ. ಲಂಡನ್ ಮೃಗಾಲಯದ ಎಣಿಕೆಯ ಸಂಗತಿ ಹೇಳಬೇಕೆನಿಸಿತು. ಪ್ರತಿ ಜನವರಿಯಲ್ಲಿ ಅವರು ಪ್ರಾಣಿಗಳ ತಲೆ ಎಣಿಸುತ್ತಾರೆ, ಪತ್ರಿಕೆಯವರನ್ನೂ ಕರೆಯುತ್ತಾರೆ. ಪೆಂಗ್ವಿನ್‌ಗಳ ಮುಂದೆ ಹಲಗೆ ಹಿಡಿದು ನಿಂತ ಸಿಬ್ಬಂದಿಯ ಚಿತ್ರ ಇಲ್ಲಿ ವರ್ಷಕ್ಕೊಮ್ಮೆ ಬರುವ ಹಬ್ಬದಂತೆ. ಪರವಾನಗಿಗೆ ಕಾನೂನು ಕೇಳುವ ಲೆಕ್ಕ ಅದು, ಬರೀ ಪ್ರಚಾರವಲ್ಲ. ಕೀಟ, ಮೀನುಗಳೂ ಸೇರುವುದರಿಂದ ಸಂಖ್ಯೆ ಸಾವಿರಗಳಿಗೆ ಏರುತ್ತದೆ. ಹಾಗಾದರೆ ಎಲೆ ಕತ್ತರಿಸುವ ಇರುವೆಗಳನ್ನು ಹೇಗೆ ಎಣಿಸುತ್ತಾರೆ? ಇಡೀ ಗೂಡಿಗೆ ಒಂದು ಎಂದು! ಹಾಗಾಗಿ ಎರಡು ಮೃಗಾಲಯಗಳ ಸಂಖ್ಯೆಯನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ದೊಡ್ಡದು ಎಂದು ನೋಡುವ ಮೊದಲು ಇರುವೆಯನ್ನು ಎಣಿಸಿದ್ದಾರೆಯೇ ಎಂದು ಕೇಳಿ.

ದೇವರಾಜ_ಮೊಹಲ್ಲಾ
ಸೋಮವಾರ, ಬೆಳಿಗ್ಗೆ 8.00

ಬನ್ನೇರುಘಟ್ಟದ ಚಿಟ್ಟೆ ಉದ್ಯಾನದಲ್ಲಿ ಹೀಗೆ ಲೆಕ್ಕ ಹಾಕಲು ಹೋದರೆ ಬರೆದು ಮುಗಿಸುವಷ್ಟರಲ್ಲಿ ಅರ್ಧ ಚಿಟ್ಟೆಗಳು ಸತ್ತು ಇನ್ನರ್ಧ ಹುಟ್ಟಿರುತ್ತವೆ.

ಹೆಜ್ಜಾರ್ಲೆ
ಸೋಮವಾರ, ಬೆಳಿಗ್ಗೆ 9.25

ನನ್ನ ಪ್ರಶ್ನೆ ಬೇರೆ. ಕಾರಂಜಿ ಕೆರೆಗೆ ನಾನು ದುರ್ಬೀನು ಹಿಡಿದು ಹೋಗುವವನು. ಕೆರೆ ಮೃಗಾಲಯದ ಸುಪರ್ದಿಯಲ್ಲೇ ಇದೆ. ಅಲ್ಲಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿಗಳು ಯಾರ ಲೆಕ್ಕದಲ್ಲಿವೆ? ಹಾರಿ ಬಂದವು, ಮರದ ಮೇಲೆ ಗೂಡು ಕಟ್ಟಿದವು, ಮರಿ ಮಾಡಿದವು. ಒಳಗಿನ ಆವರಣದ ಹೆಜ್ಜಾರ್ಲೆಗೆ ಮೀನು ಹಾಕುವ ಹೊತ್ತಿಗೆ ಸರಿಯಾಗಿ ಹೊರಗಿನ ಬೆಳ್ಳಕ್ಕಿ ಪಾಲು ಕೇಳಲು ಬಂದು ನಿಲ್ಲುತ್ತದೆ. ನೋಡುವವರಿಗೆ ಯಾವುದು ಸಾಕಿದ್ದು, ಯಾವುದು ಬಂದದ್ದು ಎಂಬ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ತಾತ ಕಂಡ ಫಲಕದಲ್ಲಿಲ್ಲದ ಹಕ್ಕಿಯೂ ಜಾಲರಿಯ ಸಂದಿಯಲ್ಲಿ ನುಗ್ಗಿದ ಕಾಡುಹಕ್ಕಿಯೇ ಇರಬಹುದಲ್ಲವೇ?

ಕಡತದ_ಇಲಿ
ಸೋಮವಾರ, ಮಧ್ಯಾಹ್ನ 2.10

ಅವು ಯಾರ ಪುಸ್ತಕದಲ್ಲೂ ಇಲ್ಲ. ತಾನಾಗಿ ಬಂದು ತಾನಾಗಿ ಹೋಗುವುದಕ್ಕೆ ಸಾಲು ತೆರೆಯುವುದಿಲ್ಲ. ಆದರೆ ಲೆಕ್ಕದಲ್ಲಿ ಇಲ್ಲದಿದ್ದರೂ ಕಾಳಜಿಯಲ್ಲಿ ಇರುತ್ತವೆ. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದು ಮೈಸೂರು ಮೃಗಾಲಯವನ್ನು ಒಂದು ತಿಂಗಳು ಮುಚ್ಚಿದ್ದು ನೆನಪಿರಬೇಕು. ಕಾಯಿಲೆಗೆ ಜಾಲರಿಯ ಒಳಗೆ, ಹೊರಗೆ ಎಂಬ ಭೇದವಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ: ಪುಸ್ತಕದಲ್ಲಿ ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ಮೈಸೂರಿನದಕ್ಕೆ ಕೂರ್ಗಳ್ಳಿಯಲ್ಲಿ ಪುನರ್ವಸತಿ ಕೇಂದ್ರವಿದೆ, ಅಲ್ಲಿಗೆ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಇನ್ನು ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ನಕ್ಷತ್ರ ಆಮೆಗಳು. ನಾನಿದ್ದ ಕಡೆ ಒಂದು ಸಂಜೆ ಸೂಟ್‌ಕೇಸ್ ತುಂಬ ತಂದಿಳಿಸಿದರು. ಅವು ಮೊಕದ್ದಮೆಯ ಮುದ್ದೆಮಾಲು. ನ್ಯಾಯಾಲಯದ ಆದೇಶ ಬರುವವರೆಗೆ ಕಾಡಿಗೆ ಬಿಡುವಂತಿಲ್ಲ, ಬೇರೆಡೆಗೆ ಕೊಡುವಂತಿಲ್ಲ, ಸತ್ತರೆ ಪ್ರತಿಯೊಂದಕ್ಕೂ ವರದಿ. ನಾನು ಅವುಗಳನ್ನು ಬಂದದ್ದು ಎಂಬ ಕಲಮಿನಲ್ಲಿ ಬರೆದೆ. ಪ್ರಕರಣ ಮುಗಿಯದ್ದನ್ನು ಹೇಗೆ ಸೇರಿಸಿದಿರಿ ಎಂದು ಮೇಲಿನವರು ಕೇಳಿದರು. ತೆಗೆದೆ. ಕಣ್ಣೆದುರು ಸೊಪ್ಪು ತಿನ್ನುತ್ತಿರುವುದನ್ನು ಹೇಗೆ ಬಿಟ್ಟಿರಿ ಎಂದು ಮರುವರ್ಷ ಬಂದ ಇನ್ನೊಬ್ಬರು ಕೇಳಿದರು. ಎರಡೂ ಟಿಪ್ಪಣಿಗಳು ಒಂದೇ ಕಡತದಲ್ಲಿ ಈಗಲೂ ಇರಬೇಕು.

ಈಗ ಇವೆಲ್ಲ ಗಣಕಯಂತ್ರಕ್ಕೆ ಹೋಗಿವೆ. ಲೋಕದ ಮೃಗಾಲಯಗಳ ದಾಖಲೆಯನ್ನೆಲ್ಲ ಒಂದೆಡೆ ಸೇರಿಸುವ ಸಂಸ್ಥೆ ಅಮೆರಿಕದಲ್ಲಿ 1974ರಲ್ಲೇ ಶುರುವಾಯಿತು; 2016ರಿಂದ ಅದರ ಹೆಸರು ಸ್ಪೀಷೀಸ್360. 2021ರಲ್ಲಿ ಜರ್ಮನಿಯಿಂದ ಮೈಸೂರಿಗೆ ಬಂದ ಥಾಬೊ, ಡೆಂಬಾ ಗೊರಿಲ್ಲಾಗಳಂಥವು ಬರುವಾಗ ಹುಟ್ಟಿದ ದಿನ, ತಾಯಿ, ತಂದೆ, ಕಾಯಿಲೆ, ಔಷಧ ಎಲ್ಲವೂ ಜೊತೆಗೆ ಬರಬೇಕು. ಮೈಸೂರಿನಲ್ಲಿದ್ದ ಗೊರಿಲ್ಲಾ ಪೋಲೊ 2014ರಲ್ಲಿ ತೀರಿಕೊಂಡ ಮೇಲೆ ದೇಶದ ಯಾವ ಪುಸ್ತಕದಲ್ಲೂ ಗೊರಿಲ್ಲಾದ ಸಾಲಿನಲ್ಲಿ ಸೊನ್ನೆಯೇ ಇತ್ತು. ಏಳು ವರ್ಷದ ನಂತರ ಆ ಸೊನ್ನೆಯನ್ನು 2:0:0 ಎಂದು ತಿದ್ದಿದವರ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ದ್ವಿನಾಮ
ಸೋಮವಾರ, ಸಂಜೆ 6.00

ಗೊರಿಲ್ಲಾಗೆ ಕನ್ನಡ ಹೆಸರು ಹುಡುಕಬೇಡಿ ತಾತ. ವಿಜ್ಞಾನಿಗಳೇ ಸೋತು, ಅದರ ಪೂರ್ತಿ ಹೆಸರನ್ನು ‘ಗೊರಿಲ್ಲಾ ಗೊರಿಲ್ಲಾ ಗೊರಿಲ್ಲಾ’ ಎಂದು ಇಟ್ಟಿದ್ದಾರೆ. ಇನ್ನೊಂದು ಎಚ್ಚರಿಕೆ: ಬಂಗಾರದ ಬಣ್ಣದ ಫೆಸೆಂಟ್ ಮತ್ತು ಲೇಡಿ ಆಮ್ಹರ್ಸ್ಟ್ ಫೆಸೆಂಟ್ ಎಂಬ ಉದ್ದ ಬಾಲದ ಹಕ್ಕಿಗಳೆರಡೂ ಸೆರೆಯಲ್ಲಿ ಸುಲಭವಾಗಿ ಬೆರೆಯುತ್ತವೆ. ಎಲ್ಲಿಯಾದರೂ ಕೊರಳು ಒಂದರದ್ದು, ಬಾಲ ಇನ್ನೊಂದರದ್ದು ಎನಿಸಿದರೆ ನಿಮ್ಮ ಕನ್ನಡಕವನ್ನು ದೂರಬೇಡಿ.

ನಜರಬಾದ್_ತಾತ
ಗುರುವಾರ, ರಾತ್ರಿ 9.00

ನಿನ್ನೆ ಮೂರನೆಯ ಸುತ್ತು ಮುಗಿಸಿದೆ, ಈ ಸಲ ಮೊಮ್ಮಗಳ ಜೊತೆ. ಪಟ್ಟಿಯ ತಲೆಯಲ್ಲಿ ಒಟ್ಟು ಸಂಖ್ಯೆ ಬರೆಯುವುದನ್ನು ಕೈಬಿಟ್ಟೆ, ತಾರೀಖು ಮಾತ್ರ ಹಾಕಿದೆ. ಕಡತದ ಇಲಿಯವರಿಗೆ ಸಮಾಧಾನವಾಗಬೇಕು. ಅವಳೇ ಗೆರೆ ಎಳೆದು ಮೂರು ಕಲಮು ಮಾಡಿದಳು: ಬೋರ್ಡಿನಲ್ಲಿದ್ದು ಕಂಡದ್ದು, ಬೋರ್ಡಿನಲ್ಲಿದ್ದೂ ಕಾಣದ್ದು, ಬೋರ್ಡಿಲ್ಲದೆ ಕಂಡದ್ದು. ಮೂರನೆಯದರಲ್ಲಿ ಮೊದಲ ಹೆಸರು ಅಳಿಲು. ಆಮೇಲೆ ಬೆಳ್ಳಕ್ಕಿ, ಕಾಗೆ, ಜಿರಾಫೆಯ ಮೇವಿನ ತೊಟ್ಟಿಯ ಮೇಲೆ ಕೂತಿದ್ದ ಮೈನಾ. ಫಲಕವಿಲ್ಲದ ಆ ಹಕ್ಕಿ ನಿನ್ನೆ ಇರಲಿಲ್ಲ. ಹೆಜ್ಜಾರ್ಲೆಯವರೇ, ನಿಮ್ಮ ಊಹೆ ಸರಿ ಇರಬೇಕು.

ಬಿಳಿ ಹುಲಿಯನ್ನು ಹುಲಿಯ ಅಡಿಯಲ್ಲೇ ಬರೆದಿದ್ದೇವೆ. ಬಿಳಿ ಪೆನ್ಸಿಲಿನಲ್ಲಿ ಬರೆದಿದ್ದಾಳೆ, ಕಾಣಿಸುವುದಿಲ್ಲ, ಅದು ಬೇರೆ ಮಾತು. ಕಾಟಿ, ಕೊಂಡುಕುರಿ, ಕಾಡುಕುರಿ, ಸಿಂಗಳೀಕ, ಕತ್ತೆಕಿರುಬ, ಸೀಳುನಾಯಿ, ನೀರುನಾಯಿ ಎಲ್ಲ ಸೇರಿದವು. ಕ್ಯಾಸೊವರಿಗೆ ಮಾತ್ರ ಜಾಗ ಖಾಲಿ ಇದೆ. ತಲೆಯ ಮೇಲೆ ಕೋಡಿನಂಥ ಕಿರೀಟ, ಕೊರಳು ನೀಲಿ, ಹಾರುವುದಿಲ್ಲ, ಒದ್ದರೆ ಹೊಟ್ಟೆ ಸೀಳುವ ಉಗುರು. ಹೆಸರು ಕೊಡುವವರು ಯಾರು?

ದೇವರಾಜ_ಮೊಹಲ್ಲಾ
ಗುರುವಾರ, ರಾತ್ರಿ 9.20

ಕಿರೀಟಕೋಳಿ.

ಮಲೆನಾಡ_ಮುಂಗುಸಿ
ಗುರುವಾರ, ರಾತ್ರಿ 9.35

ಬೇಡ. ಇನ್ನು ಹತ್ತು ವರ್ಷಕ್ಕೆ ಯಾರಾದರೂ ಅದನ್ನು ಕೋಳಿಯ ಜಾತಿಗೆ ಸೇರಿಸುತ್ತಾರೆ, ಕಾಡುಕುರಿಗೆ ಆದದ್ದೇ ಅದಕ್ಕೂ ಆಗುತ್ತದೆ. ಕ್ಯಾಸೊವರಿ ಎಂದೇ ಇರಲಿ. ಜಿರಾಫೆಯನ್ನು ನುಂಗಿ ಅರಗಿಸಿಕೊಂಡ ಕನ್ನಡಕ್ಕೆ ಇದೇನು ಭಾರವೇ?

ಕಡತದ_ಇಲಿ
ಗುರುವಾರ, ರಾತ್ರಿ 10.10

ಮುಂದಿನ ಬುಧವಾರ ಬೆಳಿಗ್ಗೆ ಎಂಟೂವರೆಗೆ ಗೇಟಿನ ಬಳಿ ಸಿಗುತ್ತೇನೆ ತಾತ. ಎರಡನೆಯ ಕಲಮಿನಲ್ಲಿ ಎಷ್ಟು ಉಳಿದಿವೆ ಎಂದು ನೋಡೋಣ. ಬೆಳಗಿನ ತಂಪಿನಲ್ಲಿ ಅಡಗಿದ್ದವು ಹೊರಗೆ ಬರುತ್ತವೆ. ಮೊಮ್ಮಗಳಿಗೆ ಶಾಲೆ ಇದ್ದರೆ ಆ ನೋಟ್‌ಬುಕ್ಕನ್ನಾದರೂ ಕೇಳಿ ತನ್ನಿ. ಮೂರನೆಯ ಕಲಮನ್ನು ನಾನು ಒಮ್ಮೆ ನೋಡಬೇಕು.